ಗಿಟಾರಿನ ಗುಂಯ್ ನಿಂತ ದಿನ

"ಯಾಕ್ರೀ ನನ್ ಸೌಂಡ್ ಕಟ್ ಮಾಡಿದ್ರಿ?"

ಮದ್ದೂರಿನ ಕಲ್ಯಾಣ ಮಂಟಪದ ವೇದಿಕೆ ಇಳಿದವಳೇ ರಂಜಿತ ಸೀದಾ ಸೌಂಡ್ ಮಿಕ್ಸರ್ ಮುಂದೆ ಬಂದು ನಿಂತಳು. ಕಣ್ಣಲ್ಲಿ ಕೋಪ... ಅದರ ಹಿಂದೆ ಅಳು!

ಮಂಡ್ಯದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಅವಳು ಆರ್ಕೆಸ್ಟ್ರಾ ಸೇರಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ ಮೊದಲ ಆರತಕ್ಷತೆ ಅದು.

ಸೌಂಡ್ ಸಿಸ್ಟಮ್ಮಿನ ಜಯಪ್ರಕಾಶ್ ತಲೆ ಎತ್ತಿದ.

"ಜನ ನಗಕ್ ಶುರು ಮಾಡಿದ್ರು ಕಣ್ರೀ. ಸೀರಿಯಲ್ ಲೈಟು ಹತ್ಕಂಡ್ರೆ ನಿಮ್ ಗಿಟಾರು ಗುಂಯ್ ಅಂತದೆ. ತಂತಿ ಸದ್ದು ಹಿಡಿಯೋ ಪಿಕಪ್ ಬದ್ಲಾಯ್ಸಿ ಹಂಬಕರ್ ಹಾಕ್ಸಿ. ಅದ್ರೊಳಗೆ ಎರಡು ಕಾಯಿಲ್ ಇರ್ತವೆ, ಒಂದರ ಗುಂಯ್‌ನ ಇನ್ನೊಂದು ಅಳಿಸಾಕ್ತದೆ."

ಹೇಳಿದ್ದು ನಿಜ. ಆದರೂ ಅಷ್ಟು ಜನರ ಮುಂದೆ ಸದ್ದಿಲ್ಲದೆ ನಿಂತ ನೋವು ಹೋಗಲಿಲ್ಲ.

ಮುಂದಿನ ಕಾರ್ಯಕ್ರಮಗಳಲ್ಲೂ ಅವನೇ! ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಮಾತು ಬೆಳೆಯಿತು. ಅವನು ನಕ್ಕರೆ, ಎಲೆಗೆ ಸಾರು ಬಡಿಸಿದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ...

ಕೊನೆಗೆ ಗಿಟಾರ್ ಎತ್ತಿಕೊಂಡು ಮಳವಳ್ಳಿಯ ಅವನ ಅಂಗಡಿಗೇ ಹೋದಳು. ಮೇಜಿನ ಮೇಲೆ ಎರಡು ಬಗೆಯ ಹಂಬಕರ್. ಒಂದರ ದನಿ ಜೋರು, ಇನ್ನೊಂದರದು ಮೆತ್ತಗೆ.

"ನಂಗೆ ಜೋರಿಂದೇ ಬೇಕು."

"ಬ್ಯಾಡ ಬುಡಿ. ಈ ಮೆತ್ತಗಿಂದು ತಗಳಿ. ನಿಮ್ಗೆ ಇದೇ ಸರಿ."

ಅವಳ ಮುಖ ಬಾಡಿತು. ಮೆತ್ತಗೆ ಮಾತಾಡು, ಮೆತ್ತಗೆ ನಗು... ಹುಟ್ಟಿದಾಗಿನಿಂದ ಎಲ್ಲರೂ ಹೇಳಿದ್ದು ಇದನ್ನೇ. 'ಇವನೂನಾ?'

"ಜೋರಿಂದೇ ಹಾಕಿ!"

ಗಿಟಾರ್ ಅಲ್ಲೇ ಬಿಟ್ಟು ಬಸ್ಸು ಹತ್ತಿದಳು.

ಆ ಭಾನುವಾರ ಅವನ ತಾಯಿ ಮಂಗಳಮ್ಮ ಕೊತ್ತತ್ತಿಯ ರಂಜಿತಳ ಮನೆಗೆ ಬಂದು, ಮಗನಿಗೆ ಹೆಣ್ಣು ಕೇಳಿದರು. ಹಿಂದಿನ ವಾರವಾಗಿದ್ದರೆ ಅವಳು ಕುಣಿದಾಡುತ್ತಿದ್ದಳು!

"ಹುಡ್ಗ ಒಳ್ಳೇನಲ್ವೇನವ್ವ?" ಅವರು ಹೋದ ಮೇಲೆ ಅಪ್ಪ ಶಿವಣ್ಣ ಕೇಳಿದರು.

"ಒಳ್ಳೇನೇ ಕಣಪ್ಪ... ಆದ್ರೆ ಬ್ಯಾಡ ಅಂತ ಹೇಳಿಬುಡು."

ವೇದಿಕೆಯಲ್ಲೇ ದನಿ ಅಡಗಿಸಿದವನು ಮನೆಯಲ್ಲಿ ಮಾತಾಡಲು ಬಿಡುತ್ತಾನಾ? ಹಾಗೆಂದುಕೊಂಡೇ ಹಿತ್ತಿಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಗಿಟಾರ್ ತರಲು ಮಾತ್ರ ಹೋಗಲೇಬೇಕಿತ್ತು.

ಜಯಪ್ರಕಾಶನ ಮುಖ ಸೊರಗಿತ್ತು. ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಕೊಟ್ಟ. ರಂಜಿತ ಬಗ್ಗಿ ನೋಡಿದಳು. ತಂತಿ ಕೂರುವ ಬ್ರಿಡ್ಜ್ ಪಕ್ಕದಲ್ಲಿ ಅವಳು ಕೇಳಿದ ಜೋರಿನದೇ!

"ಮೆತ್ತಗಿಂದೇ ಹಾಕಿರ್ತೀರಾ ಅನ್ಕಂಡಿದ್ದೆ."

"ನುಡ್ಸೋರು ನೀವು. ನನ್ ಇಷ್ಟಕ್ಕೆ ಹಾಕಕ್ಕಾಯ್ತದಾ?"

"ಮತ್ತೆ ಅವತ್ತು ನಂಗೆ ಮೆತ್ತಗಿಂದೇ ಸರಿ ಅಂದ್ರಲ್ಲ! ನಾನು ಜೋರಾಗಿದ್ರೆ ನಿಮ್ಗೂ ಆಗಲ್ಲ, ಅಲ್ವಾ?"

ಅವನು ಗಾಬರಿಯಾದ.

"ಅಯ್ಯೋ, ಅಂಗಲ್ಲ ಕಣ್ರೀ! ಜೋರಿಂದ್ರಲ್ಲಿ ತಂತಿ ಸವರಿದ್ರೂ ಬಾರ್ಸಿದ್ರೂ ಒಂದೇ ತರ ಕೇಳ್ತದೆ. ನಿಧಾನಕ್ಕೆ ನುಡಿಸ್ವಾಗ ನೀವು ಬೆರಳು ಒಂಚೂರು ನಡುಗಿಸ್ತೀರಲ್ಲ... ಅದು ಕಳ್ದೋಯ್ತದೆ ಅಂತ. ಅದ್ನ ಕೇಳಕ್ಕೇ ನಿಮ್ ಆರ್ಕೆಸ್ಟ್ರಾ ಕರೆದಲ್ಲೆಲ್ಲ ಬತ್ತಿದ್ದೆ."

"ಅಷ್ಟೇನಾ?"

"ಅಷ್ಟೇ! ಇನ್ನೇನು?"

ಎದೆಯ ಭಾರವೆಲ್ಲ ಇಳಿದುಹೋಯಿತು... ನಗು, ಅಳು ಒಟ್ಟಿಗೇ ಬಂದವು.

ಅವಳು ನುಡಿಸಿದಳು. ಅಂಗಡಿ ಅದುರಿತು, ಗುಂಯ್ ಎಂಬುದೇ ಇಲ್ಲ! ನಿಧಾನದ ಸ್ವರಗಳಿಗೆ ಬಂದಾಗ ಅವನು ಹೇಳಿದಂತೆ ಬೆರಳಿನ ನಡುಕ ಕಳೆದುಹೋದದ್ದೂ ಗೊತ್ತಾಯಿತು.

"ಆ ಮೆತ್ತಗಿಂದು ಇದ್ಯಾ? ಅದನ್ನ ಗಿಟಾರಿನ ಕತ್ತಿನ ಕಡೆ ಹಾಕಿ. ಜೋರಿಂದು ಇಲ್ಲೇ ಇರ್ಲಿ, ಬದಲಾಯಿಸಕ್ಕೆ ಒಂದು ಸ್ವಿಚ್ಚು. ನಂಗೆ ಎರಡೂ ಬೇಕು."

ಅವನು ಕೈಗೆತ್ತಿಕೊಂಡ ಸ್ಕ್ರೂಡ್ರೈವರನ್ನು ಮತ್ತೆ ಮೇಜಿನ ಮೇಲಿಟ್ಟ.

"ರಂಜಿತಾ... ನಂಗೆ ನೀವಂದ್ರೆ ಇಷ್ಟ. ಅದಕ್ಕೇ ಅಮ್ಮನ್ನ ಕಳಿಸಿದ್ದೆ."

"ಇನ್ನೊಂದ್ಸಲ ಕಳಿಸ್ತೀರಾ?"

"ನಿಜವಾಗ್ಲೂ?!"

"ನೀವೂ ಬನ್ನಿ."

"ನಾನ್ಯಾಕೆ?"

ಅವಳು ತಲೆ ತಗ್ಗಿಸಿ ನಕ್ಕಳು.

"ಮಂಗಳಮ್ಮೋರು ಒಬ್ರೇ ಬಂದ್ರೆ, ಕಾಫಿ ಕೊಡ್ವಾಗ ನಾನು ಕಳ್ಳಗಣ್ಣಲ್ಲಿ ಯಾರನ್ನ ನೋಡ್ಲಿ?"