ಹಿಂದಿನ ಚಕ್ರದ ಹಳದಿ ಗೀಟು

ಬ್ರೇಕ್ ಒತ್ತಿದ ಕ್ಷಣವೇ ಕಾರು ಗಿರ್ರನೆ ತಿರುಗಿ ರೇಸ್ ಟ್ರ್ಯಾಕಿನ ಗೋಡೆಗೆ ಬಡಿದಿತ್ತು. ಓಡಿಸುತ್ತಿದ್ದ ಲಿಖಿತ್ ಜೀವಂತ ಆಸ್ಪತ್ರೆ ಮುಟ್ಟಲಿಲ್ಲ. ಇಪ್ಪತ್ತಾರು ವರ್ಷ.

ತಿಥಿ ಮುಗಿದ ಮಾರನೆಯ ದಿನ ಅವನ ತಂದೆ ಹನುಮಂತರಾಯಪ್ಪ ನಮ್ಮ ಸಿಂಗಸಂದ್ರದ ಕಚೇರಿಗೆ ಬಂದರು. ಹೆಬ್ಬಗೋಡಿಯ ಹಳೇ ರೈತರು.

"ಆ ಮೆಕ್ಯಾನಿಕ್ ಬಸಲಿಂಗನೇ ನನ್ ಮಗನ್ನ ಕೊಂದವ್ನೆ. ಪೊಲೀಸ್ನೋರು ದಿನಾ ಕರ್ಸಿ ಕೇಳ್ತಾವ್ರೆ, ಬಾಯಿ ಬಿಡ್ತಿಲ್ಲ. ಸಾಕ್ಷಿ ನೀವು ಉಡುಕ್ಕೊಡಿ ತಾಯಿ."

ತಾಯಿ ಎಂದದ್ದು ಶ್ಯಾಮಲಾ ಮೇಡಂಗೆ. ಅಪಘಾತವಾದ ಗಾಡಿಗಳ ಗುಟ್ಟು ಬಿಡಿಸುವುದು ಅವರ ಕಸುಬು. ಅವರ ಕಾರು ಓಡಿಸಿ, ಚೀಲ ಹೊರುವುದು ವಸಂತನೆಂಬ ನನ್ನ ಕಸುಬು. ನನಗಂತೂ ಆಗಲೇ ಖಾತ್ರಿಯಾಗಿತ್ತು. ಹಿಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಿದವನು ಬಸಲಿಂಗ. ರೇಸಿನ ಹಿಂದಿನ ದಿನ ಲಿಖಿತ್ ಜೊತೆ ಜಗಳವಾಡಿದವನೂ ಅವನೇ. ಇನ್ನೇನು ಬೇಕು?

ಬಸಲಿಂಗ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ.

"ಜಗಳ ಯಾಕೆ?" ಮೇಡಂ ಕೇಳಿದರು.

"ಪ್ಯಾಡಿನ ಸಲುವಾಗೇ ರೀ. ಹಿಂದಕ್ಕೂ ಜೋರ ಹಿಡಿಯೋವು ಹಾಕು ಅಂದ್ರು. ನಾ ಒಲ್ಲೆ ಅಂದೆ. ಬ್ರೇಕ್ ಒತ್ತಿದ್ರ ಭಾರ ಎಲ್ಲಾ ಮುಂದ ಬೀಳತೈತ್ರಿ, ಹಿಂದ ಹಗುರಾಗತೈತಿ. ಅಲ್ಲಿ ಜೋರ ಹಿಡದ್ರ ಗಾಲಿ ಲಾಕ್ ಆಗಿ ಗಾಡಿನೇ ತಿರಗತೈತಿ. ಗಾಲಿ ಲಾಕ್ ಆಗದಂಗ ತಡಿಯೋ ಎಬಿಎಸ್ ಇಲ್ಲದ ಹಳೇ ಗಾಡಿ. ಕಡೀಕ ಒಪ್ಪಿದ್ರು. ಹಿಂದಕ್ಕ ಮೆತ್ತಗಿನ್ವು ಸಾಕು ಅಂತ ಅವನ್ನೇ ಹಾಕಿದೆ."

"ಎಲ್ಲಿ ಹಾಕಿದ್ದು?"

"ಅವರ ಮನಿ ಶೆಡ್ಡಿನ್ಯಾಗ್ರಿ."

"ನೀನು ಹಾಕಿದ್ದು ಅನ್ನೋದಕ್ಕೆ ಗುರುತು?"

"ಬ್ರೇಕಿನ ಬೋಲ್ಟ್ ಬಿಗದ ಮ್ಯಾಲೆ ಹಳದಿ ಪೇಂಟಿನ ಗೀಟು ಎಳಿತೀನ್ರಿ, ಬೋಲ್ಟಿಗೂ ಅದರ ಬಾಜೂ ಕಬ್ಬಿಣಕ್ಕೂ ಸೇರಿಸಿ. ಯಾರರ ಬಿಚ್ಚಿದ್ರ ಗೀಟು ಮುರೀತೈತಿ."

ಅವನು ಅಳುತ್ತಿದ್ದ. ನಟನೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ನಜ್ಜುಗುಜ್ಜಾದ ಕಾರನ್ನು ಪೊಲೀಸರು ವಾಪಸ್ ಕೊಟ್ಟಿದ್ದರು. ಹನುಮಂತರಾಯಪ್ಪನವರ ಶೆಡ್ಡಿನಲ್ಲಿ, ಅವರ ಟ್ರ್ಯಾಕ್ಟರ್ ಪಕ್ಕದಲ್ಲಿ ಅದು ನಿಂತಿತ್ತು. ಮೇಡಂ ಚಕ್ರ ಬಿಚ್ಚಿಸಿದರು. ಮುಂದಿನ ಬೋಲ್ಟುಗಳ ಮೇಲೆ ಹಳದಿ ಗೀಟು ನೆಟ್ಟಗಿತ್ತು. ಹಿಂದಿನವುಗಳ ಮೇಲೆ—ಮುರಿದಿತ್ತು! ಒಳಗಿದ್ದದ್ದು ಜೋರಾಗಿ ಹಿಡಿಯುವ ರೇಸ್ ಪ್ಯಾಡ್.

ಅಂದರೆ ಬಸಲಿಂಗನ ನಂತರ ಯಾರೋ ಬಿಚ್ಚಿದ್ದಾರೆ. ಯಾರು?

ಮೇಡಂ ಟ್ರ್ಯಾಕ್ಟರ್ ಹಿಂದಿನ ಗೋಡೆಯ ಗೂಡಿನಿಂದ ಒಂದು ಡಬ್ಬಿ ಇಳಿಸಿದರು. ರೇಸ್ ಪ್ಯಾಡಿನ ಡಬ್ಬಿ. ಒಳಗೆ ಮಾತ್ರ ಬಸಲಿಂಗ ಹಾಕಿದ್ದ ಮೆತ್ತಗಿನ ಪ್ಯಾಡುಗಳನ್ನು ಒರೆಸಿ, ಜೋಪಾನವಾಗಿ ಇಡಲಾಗಿತ್ತು. ಮುಚ್ಚಳದ ಮೇಲೆ ಅರಿಶಿನ ಕುಂಕುಮದ ಬೊಟ್ಟು.

"ಯಜಮಾನ್ರೇ, ಟ್ರ್ಯಾಕ್ಟರ್ ರಿಪೇರಿ ಯಾರು ಮಾಡ್ತಾರೆ?"

"ನಾನೇ ತಾಯಿ. ಮೂವತ್ತು ವರ್ಸದಿಂದ."

"ಅದಕ್ಕೆ ಬ್ರೇಕ್ ಎಲ್ಲಿದೆ?"

"ಇಂದ್ಲ ಚಕ್ರಕ್ಕೆ. ಮುಂದ್ಲದಕ್ಕೆ ಎಲ್ಲಿರ್ತದೆ? ಗಾಡಿ ನಿಲ್ಸೋದೇ ಇಂದ್ಲ ಚಕ್ರ—"

ಅವರ ಕಣ್ಣು ಮೇಡಂ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು.

"ಕೊಲ್ಲೋಕೆ ಬಂದೋನು ಡಬ್ಬಿಗೆ ಕುಂಕುಮ ಇಡಲ್ಲ," ಮೇಡಂ ಮೆಲ್ಲಗೆ ಹೇಳಿದರು. "ತೆಗೆದ ಸಾಮಾನನ್ನ ಒರೆಸಿ ಇಡೋದೂ ಇಲ್ಲ. ಇದು ಮಗ ಚೆನ್ನಾಗಿರಲಿ ಅಂದ ಕೈ. ಟ್ರ್ಯಾಕ್ಟರ್ ಲೆಕ್ಕದಲ್ಲಿ ಕಾರಿಗೆ ಬ್ರೇಕ್ ಹಾಕಿದ ಕೈ. ನಿಮ್ಮದೇ, ಯಜಮಾನ್ರೇ."

ಹನುಮಂತರಾಯಪ್ಪ ಡಬ್ಬಿ ಇಸಕೊಂಡು ನೆಲದ ಮೇಲೆ ಕುಳಿತರು.

"ಜಗ್ಳ ಅರ್ದಂಬರ್ದ ಕೇಳುಸ್ತು. ಇಂದಕ್ಕೆ ಮೆತ್ತಗಿನ್ವು ಸಾಕು ಅಂದ ಆ ಬಸಲಿಂಗ. ನನ್ ಮಗನ್ ಜೀವಕ್ಕೆ ಸಾಕು ಅಂತಾನಲ್ಲ ಅಂತ ಒಟ್ಟೆ ಉರೀತು. ಎಲ್ಲಕ್ಕಿಂತ ಜೋರಾಗಿ ಇಡಿಯೋದು ಕೊಡಿ ಅಂತ ಅಂಗ್ಡೀಲಿ ಕೇಳಿ ತಂದೆ. ರೇಸಿನ ದಿನ ಬೆಳಿಗ್ಗೆ ಮಗ ಏಳೋಕ್ ಮುಂಚೆ ಪೂಜೆ ಮಾಡಿ ಆಕ್ದೆ ತಾಯಿ... ಪೂಜೆ ಮಾಡಿ ಆಕ್ದೆ."

ನನಗೆ ಅಳು ಬಂತು. ಬಸಲಿಂಗನ ಮುಖ ನೆನೆದು ನಾಚಿಕೆಯೂ ಆಯಿತು.

"ನಾನ್ ಮುಟ್ದೇ ಇದ್ದಿದ್ರೆ?" ಹನುಮಂತರಾಯಪ್ಪ ಕೇಳಿದರು.

ಮೇಡಂ ಯಾರಿಗೂ ಸುಳ್ಳು ಹೇಳಿದವರಲ್ಲ. ಅವತ್ತೊಂದು ದಿನ ಸುಳ್ಳು ಹೇಳಬಾರದಿತ್ತೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

"ನಿಲ್ತಿತ್ತು," ಎಂದರು. "ಕಾರು ನಿಲ್ತಿತ್ತು."

ಮನೆಯೊಳಗೆ ಅವರ ಹೆಂಡತಿ ವೆಂಕಟಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಹನುಮಂತರಾಯಪ್ಪ ಆ ಕಡೆ ನೋಡಿ ಎದ್ದರು.

"ಮೊದ್ಲು ಆ ಉಡುಗನ್ನ ಬಿಡುಸ್ಬೇಕು ನಡೀರಿ. ಆಮೇಲೆ ಇವಳ್ಗೆ ನಾನೇ ಏಳ್ತೀನಿ."

ಚಪ್ಪಲಿ ಮೆಟ್ಟುವುದನ್ನೂ ಮರೆತು ನಮ್ಮ ಕಾರಿನಲ್ಲಿ ಹೋಗಿ ಕುಳಿತರು. ಠಾಣೆಯವರೆಗೂ ನಾನು ಒಂದು ಸಲವೂ ಜೋರಾಗಿ ಬ್ರೇಕ್ ಒತ್ತಲಿಲ್ಲ.