ಸೊಣ್ಣಮ್ಮನ ರೂಮಿನ ವೆಂಟ್

ಜೆಪಿ ನಗರದ ನಮ್ಮ ಇಡೀ ಮನೆಗೆ ಒಂದೇ ಏಸಿ, ಒಂದೊಂದು ರೂಮಿಗೂ ಗಾಳಿ ಬರಲು ಮೇಲೊಂದು ಕಿಂಡಿ, ಅದೇ ವೆಂಟ್. ಹಾಕಿಸಿದ್ದು ಏಸಿ, ಸಿಕ್ಕಿದ್ದು ಐಸು. ಯಂತ್ರದೊಳಗೆ ಹಿಮ ಕಟ್ಟುತ್ತಿತ್ತು, ಹೊರಗೆ ನಮ್ಮ ಹಸುಗೂಸಿಗೆ ಬೆವರುಸಾಲೆ ಏಳುತ್ತಿತ್ತು. ಸೆಕೆಗೆ ಮಗಳು ನಿದ್ದೆಯನ್ನೇ ಮಾಡುತ್ತಿರಲಿಲ್ಲ.

"ಈ ರೂಮಿನ ವೆಂಟ್ ಯಾಕ್ ಮುಚ್ಚಿದ್ದೀರಾ ಸಾರ್? ಗಾಳಿ ಆಡ್ದೇ ಇದ್ರೆ ಐಸ್ ಕಟ್ದೆ ಇನ್ನೇನ್ ಕಟ್ಟುತ್ತೆ, ಅರಮನೆನಾ?" ಎಂದ ಮೆಕ್ಯಾನಿಕ್ ನರೇಂದ್ರ.

ನಾವು ಮುಚ್ಚಿರಲಿಲ್ಲ. ಅದು ಹೋದ ವರ್ಷ ತೀರಿಕೊಂಡ ನಮ್ಮಜ್ಜಿ ಸೊಣ್ಣಮ್ಮನ ರೂಮು. ಎಳೆಮಕ್ಕಳಿಗೆ ಥಂಡಿ ಆಗುತ್ತದೆಂದು ಫ್ಯಾನನ್ನೂ ಹಾಕಗೊಡದ ಜೀವ.

ನರೇಂದ್ರ ಏಣಿ ಹತ್ತಿ ವೆಂಟ್ ತೆರೆದುಕೊಟ್ಟು ಹೋದ. ತಂಪು ಚೆನ್ನಾಗಿದೆಯೆಂದು ತೊಟ್ಟಿಲನ್ನು ಅಲ್ಲಿಗೇ ಸಾಗಿಸಿದೆವು. ಹೆಂಡತಿ ಅರ್ಪಿತ ಮಗುವನ್ನು ಬರಿಮೈಯಲ್ಲೇ ಮಲಗಿಸಿ ಬಂದಳು. ಹಾಲ್‌ನಲ್ಲಿ ಮಧ್ಯಾಹ್ನದ ಬಿಸಿಲು ಪರದೆ ಹಿಡಿದುಕೊಂಡು ತೂಕಡಿಸುತ್ತಿತ್ತು, ನಾವೂ ಅದರ ಜೊತೆ. ಒಳಗಿನಿಂದ ತೊಟ್ಟಿಲು ತೂಗುವ ಸದ್ದು ನಿಧಾನವಾಗಿ ಬರತೊಡಗಿತು.

"ರೀ, ನೀವ್ ಇಲ್ಲಿದ್ದೀರಾ, ನಾನ್ ಇಲ್ಲಿದ್ದೀನಿ. ತೂಗ್ತಿರೋದ್ಯಾರು?"

ಓಡಿ ಹೋಗಿ ನೋಡಿದರೆ ವೆಂಟ್ ಮುಚ್ಚಿತ್ತು. ಕಿವಿಗೆ ಹತ್ತಿ, ತಲೆಗೆ ಕುಲಾವಿ, ಮಗಳಿಗೆ ಗಾಢ ನಿದ್ದೆ. ಕೋಣೆ ತುಂಬ ಸಾಂಬ್ರಾಣಿ ವಾಸನೆ.

ವೆಂಟನ್ನು ಮುಚ್ಚಿದ ಹಾಗೇ ಬಿಟ್ಟೆವು. ಆದರೂ ಆಮೇಲೆ ಏಸಿ ಐಸ್ ಕಟ್ಟಿಲ್ಲ, ಬೆವರುಸಾಲೆಯೂ ಹೋಯಿತು. ನಿನ್ನೆ ಎತ್ತಿಕೊಂಡಾಗ ಮಗಳ ಕೆನ್ನೆಯ ಮೇಲೆ ದೃಷ್ಟಿಬೊಟ್ಟಿತ್ತು, ಇನ್ನೂ ಹಸಿ. ನಮ್ಮ ಮನೆಯಲ್ಲಿ ಕಾಡಿಗೆಯೇ ಇಲ್ಲ.