ಬೆನ್ನು ಒರೆಸಿದ ಕೈ

ಔಷಧಿಯ ಮಂಪರು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಮಧ್ಯಾಹ್ನ ನಾನಿನ್ನೂ ಗುಳಿಗೆ ನುಂಗಿರಲಿಲ್ಲ.

ನ್ಯೂ ಬ್ರನ್ಸ್‌ವಿಕ್ ಕರಾವಳಿಯಲ್ಲಿ ಬಲೆ ಎಳೆದು ಬದುಕಿದವನು ನಾನು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಹೆಂಡತಿ ಝೆಲಿ, ತಂಗಿ ಒಡೀಲ್ ಸರದಿಯಲ್ಲಿ ನನ್ನ ಮೈ ಒರೆಸುತ್ತಿದ್ದರು. ನಾಚಿಕೆಯಿಂದ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ.

ಆ ದಿನವೂ ಹಾಗೇ ಮಲಗಿದ್ದೆ. ಬಾಗಿಲ ಸದ್ದೇ ಇಲ್ಲದೆ ಬಿಸಿ ಬಟ್ಟೆ ಬೆನ್ನಿಗೆ ತಾಗಿತು. ಅದನ್ನು ಹಿಡಿದಿದ್ದ ಬೆರಳುಗಳು ಮಾತ್ರ ಚಳಿಗಾಲದ ಸಮುದ್ರದಷ್ಟು ತಣ್ಣಗಿದ್ದವು. ನೋಯುವ ಜಾಗಗಳೆಲ್ಲ ಅವಕ್ಕೆ ಗೊತ್ತಿದ್ದವು. ಒಡೀಲ್ ಬಂದಳೆಂದುಕೊಂಡೆ.

"ನಾಳೆಯಿಂದ ನೀನೇ ಬಾರೇ," ಎಂದೆ. "ಝೆಲಿ ಅಳ್ತಾ ಅಳ್ತಾ ಒರೆಸ್ತಾಳೆ. ಅವಳು ಮುಟ್ಟಿದ್ರೆ ಹೆಣ ತೊಳೆದ ಹಾಗಿರುತ್ತೆ."

ಬಟ್ಟೆ ಗಕ್ಕನೆ ನಿಂತಿತು. ಆಮೇಲೆ ಮತ್ತೆ ಒರೆಸತೊಡಗಿತು, ಇನ್ನೂ ಮೆಲ್ಲಗೆ.

ಅಷ್ಟರಲ್ಲಿ ಝೆಲಿ ಮತ್ತು ಒಡೀಲ್ ಇಬ್ಬರೂ ಕೋಟಿನ ಮೇಲಿನ ಹಿಮ ಕೊಡವುತ್ತ ಒಟ್ಟಿಗೇ ಒಳಬಂದರು. ತಿರುಗಿ ನೋಡಿದೆ. ಹಾಸಿಗೆಯ ಬಳಿ ಯಾರೂ ಇರಲಿಲ್ಲ.

"ಬೆಳಗ್ಗೆಯಿಂದ ಕರೆಂಟಿಲ್ಲ, ಒಲೆ ಹೊತ್ತಿಲ್ಲ. ಹೆಪ್ಪುಗಟ್ಟಿ ಹೋದ್ಯೇನೋ ಮುದುಕಾ!" ಎನ್ನುತ್ತ ಝೆಲಿ ನನ್ನ ಬೆನ್ನು ಮುಟ್ಟಿದಳು. ಬೆನ್ನು ಒದ್ದೆಯಾಗಿತ್ತು. "ಯಾರು ಬಂದಿದ್ರು?"

ನನಗಾಗಿ ಸವೆಯುತ್ತಿದ್ದವಳ ಬಗ್ಗೆ ಯಾರ ಹತ್ತಿರವೋ ಹಾಗೆ ಆಡಿಬಿಟ್ಟಿದ್ದೆ. ಅವಳ ಕಣ್ಣನ್ನು ನೋಡಲಾಗಲಿಲ್ಲ. "ಗೊತ್ತಿಲ್ಲ ಕಣೇ. ಉಳಿದದ್ದನ್ನ ನೀನೇ ಒರೆಸು," ಎಂದೆ.

ಅವಳು ಹಾಸಿಗೆ ಪಕ್ಕದ ಬೋಗುಣಿಗೆ ಕೈ ಅದ್ದಿ, ಸುಟ್ಟುಕೊಂಡವಳಂತೆ ಹಿಂತೆಗೆದಳು. ಹಬೆಯಾಡುತ್ತಿದ್ದ ಆ ನೀರು ಕತ್ತಲಾಗುವವರೆಗೂ ಆರಲಿಲ್ಲ.